ಒಂದೇ ಲೈನು, ನಾಲ್ಕು ಕಂಪ್ಯೂಟರ್, ಎರಡಡಿ ಗೋಡೆ: ನನ್ನ ಅನುಭವ

ಗುಳೇದಗುಡ್ಡದ ನಮ್ಮ ಮನೆ ಅಜ್ಜನ ಕಾಲದ್ದು, ಪೂರ್ತಿ ಕಲ್ಲಿನದು. ಗೋಡೆ ಎರಡಡಿ ದಪ್ಪ. ಫೈಬರ್ ಲೈನು ಬಂದು ನಿಂತಿರುವುದು ಪಡಸಾಲೆಯಲ್ಲಿ. ಕಂಪ್ಯೂಟರ್‌ಗಳು ಮಾತ್ರ ದಿಕ್ಕಿಗೊಂದು. ಅಣ್ಣ ಮುಂದಿನ ಕೋಣೆಯಲ್ಲಿ ಜಿಎಸ್‌ಟಿ ಲೆಕ್ಕ ನೋಡುತ್ತಾನೆ. ವೈನಿ (ಅತ್ತಿಗೆ) ಒಳಕೋಣೆಯಲ್ಲಿ ಖಣ (ಕುಪ್ಪಸದ ಬಟ್ಟೆ), ಸೀರೆಗಳ ಫೋಟೊ ತೆಗೆದು ಗಿರಾಕಿಗಳಿಗೆ ಕಳಿಸುತ್ತಾರೆ. ನಾನು ಮಾಳಿಗೆಯ ಮೇಲಿನ ಕೋಣೆಯಲ್ಲಿ ಕೂತು ಆಫೀಸಿನ ಕೆಲಸ ಮಾಡುತ್ತೇನೆ. ಅಪ್ಪನ ಕಂಪ್ಯೂಟರ್ ಹಿತ್ತಲಿನ ಮಗ್ಗದ ಕೋಣೆಯಲ್ಲಿ.

ಇಷ್ಟೆಲ್ಲ ಮಂದಿಗೆ ಒಂದೇ ಕನೆಕ್ಷನ್ ಸಾಕಾಗುತ್ತದಾ ಅಂತ ಮನೆಯಲ್ಲಿ ಎಲ್ಲರಿಗೂ ಅನುಮಾನ. ಸಾಕಾಗುತ್ತದೆ. ನಮ್ಮದು 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್ ಪ್ಲಾನ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ (ಎಂಬಿ) ಅಷ್ಟು ಫೈಲ್ ಇಳಿಯುತ್ತದೆ. ನಾಲ್ವರ ದಿನದ ಕೆಲಸಕ್ಕೆ ಇದು ಧಾರಾಳ. ನಮ್ಮ ಮನೆಯಲ್ಲಿ ತೊಂದರೆ ಇದ್ದದ್ದು ಆ ವೇಗ ಕೋಣೆಯವರೆಗೆ ತಲುಪದೇ ಇರುವುದರಲ್ಲಿ. ನಮ್ಮ ರೌಟರಿನ ವೈಫೈ ಎರಡು ತರಂಗಗಳಲ್ಲಿ ಬರುತ್ತದೆ. 5 ಗಿಗಾಹರ್ಟ್ಸ್ ವೈಫೈ ವೇಗ ಜಾಸ್ತಿ, ಆದರೆ ಕಲ್ಲಿನ ಗೋಡೆಯಲ್ಲಿ ಬೇಗ ಕುಂದಿಹೋಗುತ್ತದೆ. 2.4 ಗಿಗಾಹರ್ಟ್ಸ್ ಸ್ವಲ್ಪ ದೂರ ಹೋದರೂ ನಿಧಾನ, ಅಕ್ಕಪಕ್ಕದ ಮನೆಗಳ ವೈಫೈ ಗದ್ದಲವೂ ಅದರಲ್ಲೇ ಜಾಸ್ತಿ.

ಒಂದು ಲೈನನ್ನು ಹಲವು ಕಂಪ್ಯೂಟರ್ ಹೇಗೆ ಹಂಚಿಕೊಳ್ಳುತ್ತವೆ ಅನ್ನುವುದು ಗೊತ್ತಿದ್ದರೆ ಮುಂದಿನ ಕೆಲಸ ಹಗುರ. ಇಂಟರ್ನೆಟ್ಟಿನಲ್ಲಿ ಯಂತ್ರವನ್ನು ಗುರುತಿಸುವ ನಂಬರಾದ ಐಪಿವಿ4 ವಿಳಾಸ 32 ಬಿಟ್‌ನದು. ಇಡೀ ಜಗತ್ತಿಗೆ ಸೇರಿ ಸುಮಾರು 430 ಕೋಟಿ ಅಷ್ಟೇ. ಅದಕ್ಕೇ 192.168ರಿಂದ ಶುರುವಾಗುವ ವಿಳಾಸಗಳನ್ನು ಖಾಸಗಿ ಬಳಕೆಗೆ ಅಂತ ತೆಗೆದಿಟ್ಟಿದ್ದಾರೆ. ರೌಟರ್ ಒಳಗಿನ ಪ್ರತಿಯೊಂದು ಯಂತ್ರಕ್ಕೂ ಅಂಥದ್ದೊಂದು ವಿಳಾಸ ಕೊಡುತ್ತದೆ. ಇದು ಡಿಎಚ್‌ಸಿಪಿ. ಹೊರಗೆ ಹೋಗುವುದನ್ನೆಲ್ಲ ತನ್ನ ಒಂದೇ ವಿಳಾಸದಿಂದ ಕಳಿಸುತ್ತದೆ, ಯಾವ ಪೋರ್ಟ್ ನಂಬರ್ (ಪ್ರತಿ ಸಂಪರ್ಕಕ್ಕೂ ಹಚ್ಚುವ ಗುರುತು) ಯಾರದ್ದು ಅಂತ ಪಟ್ಟಿ ಇಟ್ಟುಕೊಂಡು ಉತ್ತರವನ್ನು ಅವರವರಿಗೇ ಮುಟ್ಟಿಸುತ್ತದೆ. ಇದು ನ್ಯಾಟ್. 1999ರ ವಿಂಡೋಸ್ 98 ಎರಡನೇ ಆವೃತ್ತಿಯಲ್ಲಿ ಈ ಕೆಲಸವನ್ನು ಒಂದು ಕಂಪ್ಯೂಟರೇ ಮಾಡುವ ಸೌಲಭ್ಯ ಬಂದಿತ್ತು. ಆ ಕಂಪ್ಯೂಟರ್ ಬಂದ್ ಆದರೆ ಉಳಿದವರದ್ದೂ ಬಂದ್. ಈಗ ಆ ಕೆಲಸ ರೌಟರಿನದು.

ಕೂತಲ್ಲೇ ಕೂರುವ ಯಂತ್ರಕ್ಕೆ ತಂತಿ, ಓಡಾಡುವ ಯಂತ್ರಕ್ಕೆ ವೈಫೈ. ಇಷ್ಟನ್ನು ನಾನು ಮೊದಲೇ ತೀರ್ಮಾನ ಮಾಡಿದ್ದೆ. ಪಡಸಾಲೆಯಲ್ಲಿ ರೌಟರ್ ಪಕ್ಕ ಎಂಟು ಪೋರ್ಟಿನ (ಕೇಬಲ್ ಚುಚ್ಚುವ ಕಿಂಡಿಯ) ಗಿಗಾಬಿಟ್ ಸ್ವಿಚ್ ಇಟ್ಟೆ, ಅಂದರೆ ಹಲವು ಕೇಬಲ್ಲುಗಳನ್ನು ಸೆಕೆಂಡಿಗೆ 1000 ಮೆಗಾಬಿಟ್ ವೇಗದಲ್ಲಿ ಜೋಡಿಸುವ ಡಬ್ಬಿ. ಅದಕ್ಕೆ ಸೆಟ್ಟಿಂಗ್ ಏನೂ ಇಲ್ಲ, ಚುಚ್ಚಿದರೆ ಆಯಿತು. ಅಲ್ಲಿಂದ ಒಂದೊಂದು ಕೋಣೆಗೆ ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್.

ಕೇಬಲ್ ತರಲು ಬಾಗಲಕೋಟೆಗೆ ಹೋಗಿದ್ದೆ. ಅಂಗಡಿಯ ಕಾಕಾ ಎರಡು ಬಂಡಲ್ ಮುಂದಿಟ್ಟು, "ತಮ್ಮಾ, ಎರಡೂ ಕ್ಯಾಟ್ ಸಿಕ್ಸೇ. ಆದ್ರ ರೇಟ್ ಯಾಕ ಬ್ಯಾರೆ ಐತಿ ಅಂತ ನೀನೇ ನೋಡು" ಅಂತ ಬ್ಲೇಡ್ ಕೈಗೆ ಕೊಟ್ಟರು. ಕಡಿಮೆ ರೇಟಿನ ಕೇಬಲ್‌ನ ಎಳೆ ಕೆರೆದು ನೋಡಿದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಅಷ್ಟೇ. ಇನ್ನೊಂದನ್ನು ಎಷ್ಟು ಕೆರೆದರೂ ಕೆಂಪಗೇ ಇತ್ತು. ಅಲ್ಯೂಮಿನಿಯಂ ಎಳೆ ಮಡಿಸಿದಲ್ಲಿ ಬೇಗ ಮುರಿಯುತ್ತದೆ, ದೂರ ಹೋದಷ್ಟೂ ಸಿಗ್ನಲ್ ಕುಂದುತ್ತದೆ. ಗೋಡೆಯೊಳಗೆ ಒಮ್ಮೆ ತೂರಿಸಿದ ಕೇಬಲ್ ಮತ್ತೆ ಬದಲಿಸುವುದು ಸಣ್ಣ ಕೆಲಸ ಅಲ್ಲ. ನೀವೂ ಪೂರ್ತಿ ತಾಮ್ರದ್ದೇ ತೆಗೆದುಕೊಳ್ಳಿ.

ಕಲ್ಲಿನ ಗೋಡೆಗೆ ಸುಮ್ನೆ ಡ್ರಿಲ್ ಇಡಬೇಡಿ. ನಮ್ಮಲ್ಲಿ ಬಾಗಿಲ ಚೌಕಟ್ಟಿನ ಮೂಲೆಯಲ್ಲೇ ದಾರಿ ಸಿಕ್ಕಿತು, ಮೇಲಿನ ಕೋಣೆಗೆ ಬೆಳಕಿಂಡಿಯ ಅಂಚಿನಿಂದ ಹತ್ತಿಸಿದೆ. ಕರೆಂಟಿನ ವೈರ್ ಪಕ್ಕದಲ್ಲಿ ಉದ್ದಕ್ಕೂ ಹೋಗದಂತೆ ಗೇಣು ಅಂತರ ಬಿಟ್ಟೆ.

ತುದಿಗೆ ಪ್ಲಗ್ ಹಾಕುವುದು ತಾಳ್ಮೆಯ ಕೆಲಸ. ಎಂಟು ಎಳೆಗಳನ್ನು ಬಿಡಿಸಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಈ ಸಾಲಿನಲ್ಲಿ ನೆಟ್ಟಗೆ ಹಿಡಿಯಬೇಕು. ತುದಿ ಒಂದೇ ಸಮ ಕತ್ತರಿಸಬೇಕು. ಎಳೆಗಳ ಹೊಸೆತವನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು, ಆ ಹೊಸೆತವೇ ಗದ್ದಲ ತಡೆಯುವುದು. ಎರಡೂ ತುದಿಗೆ ಇದೇ ಸಾಲು. ಒಳಕೋಣೆಯ ಕೇಬಲ್‌ಗೆ ಟೆಸ್ಟರ್ ಹಚ್ಚಿದಾಗ ಏಳನೇ ದೀಪ ಹತ್ತಲಿಲ್ಲ. ಆದರೂ ಇಂಟರ್ನೆಟ್ ಬರುತ್ತಿತ್ತು! 100 ಎಂಬಿಪಿಎಸ್‌ಗೆ 1, 2, 3, 6 ಈ ನಾಲ್ಕೇ ಎಳೆ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ನಮ್ಮ ಪ್ಲಾನೇ 100 ಅಲ್ವಾ, ಗಿಗಾಬಿಟ್ ಯಾಕೆ ಅಂತ ಅಣ್ಣ ಕೇಳಿದ. ವೈನಿಯ ಫೋಟೊ ಫೋಲ್ಡರ್ ಅವನ ಕಂಪ್ಯೂಟರಿಗೆ ಹೋಗುವುದು ಇಂಟರ್ನೆಟ್ ಮುಟ್ಟದೆ, ಮನೆಯೊಳಗಿನ ತಂತಿಯಲ್ಲೇ. ಅಲ್ಲಿ ಹತ್ತು ಪಟ್ಟು ವೇಗ ಸಿಗುತ್ತದೆ. ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿದೆ, ಎಂಟೂ ದೀಪ ಹತ್ತಿದವು.

ಫೋನುಗಳಿಗಾಗಿ ಮನೆಯಲ್ಲೇ ಬಿದ್ದಿದ್ದ ಹಳೇ ರೌಟರನ್ನು ಮೇಲಿನ ಕೋಣೆಯಲ್ಲಿ ಆಕ್ಸೆಸ್ ಪಾಯಿಂಟ್, ಅಂದರೆ ಬರೀ ವೈಫೈ ಹರಡುವ ಯಂತ್ರ, ಮಾಡಿದೆ. ಅದರ ವಿಳಾಸವನ್ನು ಮುಖ್ಯ ರೌಟರಿನದಕ್ಕಿಂತ ಬೇರೆಯಾಗಿ 192.168.1.2 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ವ್ಯಾನ್ (ಹೊರಗಿನ ಲೈನಿನ) ಪೋರ್ಟ್ ಬಿಟ್ಟು ಲ್ಯಾನ್ (ಮನೆಯೊಳಗಿನ) ಪೋರ್ಟಿಗೆ ಚುಚ್ಚಬೇಕು. ವ್ಯಾನ್‌ಗೆ ಚುಚ್ಚಿದರೆ ಒಳಗೊಂದು ಬೇರೆ ನೆಟ್‌ವರ್ಕ್ ಆಗಿ, ಮೇಲಿನವರಿಗೆ ಕೆಳಗಿನ ಪ್ರಿಂಟರ್ ಕಾಣಿಸದೇ ಹೋಗಬಹುದು. ಎರಡೂ ಕಡೆ ವೈಫೈ ಹೆಸರು, ಪಾಸ್‌ವರ್ಡ್ ಒಂದೇ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡಬರದಂತೆ ಒಂದಕ್ಕೆ 1ನೇ ಚಾನೆಲ್, ಇನ್ನೊಂದಕ್ಕೆ 11. ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಬಂದವರಿಗೆ ಗೆಸ್ಟ್ ವೈಫೈ ಇಟ್ಟೆ.

ಇಷ್ಟಾದರೂ ಒಂದು ಕಿರಿಕಿರಿ ಉಳಿದಿತ್ತು. ವೈನಿ ಫೋಟೊ ಕಳಿಸಲು ಶುರು ಮಾಡಿದರೆ ನನ್ನ ಮೀಟಿಂಗಿನಲ್ಲಿ ಮಾತು ತುಂಡು ತುಂಡು. ಅಪ್‌ಲೋಡ್ ಪೂರ್ತಿ ತುಂಬಿದಾಗ ರೌಟರಿನಲ್ಲಿ ಸಾಲು ಬೆಳೆಯುತ್ತದೆ, ಸಣ್ಣ ಸಣ್ಣ ಮಾತಿನ ಪ್ಯಾಕೆಟ್‌ಗಳೂ ಅದೇ ಸಾಲಿನಲ್ಲಿ ಕಾಯುತ್ತವೆ. ಪ್ಲಾನ್ ದೊಡ್ಡದು ಮಾಡಿಸು ಅಂದರು ಮನೆಯವರು. ಅದರ ಅಗತ್ಯ ಬೀಳಲಿಲ್ಲ. ರೌಟರಿನ ಕ್ಯೂಒಎಸ್ (ಯಾರಿಗೆ ಎಷ್ಟು ವೇಗ ಅಂತ ಹಂಚುವ) ಸೆಟ್ಟಿಂಗಿನಲ್ಲಿ ಆ ಕಂಪ್ಯೂಟರಿನ ಅಪ್‌ಲೋಡಿಗೆ ಮಿತಿ ಹಾಕಿದೆ. ಫೋಟೊ ಹೋಗಲು ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ನನ್ನ ಮಾತು ಸ್ವಚ್ಛ ಕೇಳುತ್ತದೆ. ವೈನಿಯೂ ಒಪ್ಪಿದರು.

ಕರೆಂಟ್ ಹೋದರೆ ಅಂತ 12 ವೋಲ್ಟಿನ ಸಣ್ಣ ಯುಪಿಎಸ್ ಇದೆ. ಕೊಳ್ಳುವ ಮುಂಚೆ ರೌಟರ್, ಸ್ವಿಚ್ ಎರಡರ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಎಷ್ಟೋ ಸ್ವಿಚ್‌ಗಳು 5 ಅಥವಾ 9 ವೋಲ್ಟಿನವು.

ಕೊನೆಗೆ ಉಳಿದದ್ದು ಮಗ್ಗದ ಕೋಣೆ. ನಡುವೆ ಬಯಲು ಹಿತ್ತಲ. ಅದೇ ತಾಮ್ರದ ಕೇಬಲ್ ಎಳೆದುಬಿಡು ಅಂತ ಅಪ್ಪ ಅಂದರು. ನಾನು ಒಪ್ಪಲಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಮಳೆಯಲ್ಲಿ ಬಯಲಲ್ಲಿ ಹಾದ ತಾಮ್ರದ ತಂತಿ ಸ್ವಿಚ್ಚನ್ನೂ ಅದಕ್ಕೆ ಜೋಡಿಸಿದ ಕಂಪ್ಯೂಟರ್‌ಗಳನ್ನೂ ಸುಡಬಹುದು. ಸಿಡಿಲು ನೇರ ಬಡಿಯಬೇಕಂತಿಲ್ಲ, ಹತ್ತಿರ ಬಿದ್ದರೂ ಸಾಕು. ಗಾಜಿನ ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ತುದಿಗೆ ಕನೆಕ್ಟರ್ ಹಾಕಿಯೇ ಕೊಡುವ ಫೈಬರ್ ತಂದೆ, ಆಧಾರಕ್ಕೆ ಉಕ್ಕಿನ ತಂತಿ ಇಲ್ಲದ್ದೇ ಬೇಕು ಅಂತ ಕೇಳಿ ಪಡೆದೆ, ಉಕ್ಕಿನಲ್ಲೂ ವಿದ್ಯುತ್ ಹರಿಯುತ್ತದಲ್ಲ. ಎರಡೂ ಕಡೆ ಒಂದೊಂದು ಮೀಡಿಯಾ ಕನ್ವರ್ಟರ್, ಫೈಬರಿನ ಬೆಳಕನ್ನೂ ತಾಮ್ರದ ತಂತಿಯ ಸಿಗ್ನಲನ್ನೂ ಅದಲುಬದಲು ಮಾಡುವ ಡಬ್ಬಿ. ಫೈಬರನ್ನು ಪೈಪಿನೊಳಗೆ ಹಾಕಿ, ತಿರುವಿನಲ್ಲಿ ಚೂಪಾಗಿ ಮಡಿಯದಂತೆ ಅಗಲವಾಗಿ ಬಳಸಿ ತಂದೆ. ಅಪ್ಪ ಈಗ ಮಗ್ಗದ ಪಕ್ಕದಲ್ಲೇ ಕೂತು ಗಿರಾಕಿಗೆ ವಿಡಿಯೊ ಕಾಲ್‌ನಲ್ಲಿ ಖಣದ ಅಂಚು ತೋರಿಸುತ್ತಾರೆ.