ಚರ್ಚಿಗಾಗಿ ದುಡಿದ ಅಮ್ಮನನ್ನು ನೆನೆಯುವ ದಿನಕ್ಕೆ ತಯಾರಾಗುವುದು ಹೇಗೆ

ಅಮ್ಮ ತೀರಿಕೊಂಡ ಮೂರನೇ ದಿನ ಸಭಾಪಾಲಕರು ಮನೆಗೆ ಬಂದು, "ಸ್ಮರಣೆಯ ಆರಾಧನೆಯಲ್ಲಿ ಮನೆಯವರ ಪರವಾಗಿ ಒಬ್ಬರು ಮಾತಾಡಿ" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ರಾತ್ರಿ ಬರೆಯಲು ಕೂತೆ. ಹುಟ್ಟಿದ ಇಸವಿ, ಮದುವೆ, ಮಕ್ಕಳು, ಸಂಡೇ ಸ್ಕೂಲ್ ಟೀಚರ್, ಮಹಿಳಾ ಅನ್ಯೋನ್ಯ ಕೂಟದ ಕಾರ್ಯದರ್ಶಿ. ಓದಿದರೆ ಬಯೋಡೇಟಾ ತರ ಇತ್ತು. ಅಮ್ಮ ಅದರಲ್ಲಿ ಎಲ್ಲೂ ಇರಲಿಲ್ಲ. ಆಮೇಲೆ ಏನು ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ, ಇಂಥದೇ ಹೊತ್ತಿನಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ. ನಮ್ಮದು ಉಡುಪಿ ಕಡೆಯ ಸಿಎಸ್‌ಐ ಸಭೆ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರಾಟೆಸ್ಟೆಂಟ್ ಚರ್ಚು. ಕ್ಯಾಥೊಲಿಕರಲ್ಲಿ ಪೂಜೆಯ ಕ್ರಮ ಬೇರೆ, ಆದರೆ ಈ ತಯಾರಿ ಯಾರಿಗಾದರೂ ಆಗುತ್ತದೆ.

ದಾರಿ ತೋರಿಸಿದ್ದು ಸತ್ಯವೇದವೇ, ಅಂದರೆ ಬೈಬಲ್. ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ ಯೊಪ್ಪ ಊರಿನ ದೊರ್ಕಳ ಕತೆ ಇದೆ, ತಬಿಥಾ ಅಂತಲೂ ಅವಳ ಹೆಸರು. ಅವಳು ಸತ್ತಾಗ ಯೇಸುವಿನ ಶಿಷ್ಯ ಪೇತ್ರ ಬರುತ್ತಾನೆ. ಅಲ್ಲಿದ್ದ ವಿಧವೆಯರು ಅಳುತ್ತಾ, ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ಅವನಿಗೆ ತೋರಿಸುತ್ತಾರೆ. ಅಷ್ಟೇ. ಅವಳು ಎಷ್ಟು ಒಳ್ಳೆಯವಳು ಅಂತ ಆ ವಿಧವೆಯರು ಹೇಳಿದ ಮಾತು ಅಲ್ಲಿ ಒಂದೂ ಇಲ್ಲ, ಬಟ್ಟೆ ಇದೆ. ಅದನ್ನು ಓದಿದ ಮೇಲೆ ನಾನು ಬರೆದದ್ದನ್ನು ಹರಿದುಹಾಕಿ, ಅಮ್ಮನ ಕೈಯಿಂದ ಬಂದದ್ದು ಏನೇನು ಉಳಿದಿದೆ ಅಂತ ಹುಡುಕಲು ಹೊರಟೆ.

ಮೊದಲು ಜನರ ಹತ್ತಿರ ಹೋಗಿ. "ಅಮ್ಮ ಹೇಗಿದ್ದರು?" ಅಂತ ಕೇಳಬೇಡಿ, ಎಲ್ಲರೂ "ತುಂಬಾ ಒಳ್ಳೆಯವರು" ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ನೀವಿಬ್ಬರೂ ಸೇರಿ ಕೊನೆಗೆ ಮಾಡಿದ ಕೆಲಸ ಯಾವುದು?" ಅಂತ ಕೇಳಿ. "ಯಾವತ್ತಾದರೂ ನಿಮಗೆ ಬೈದಿದ್ದರಾ?" ಅಂತ ಕೇಳಿ. ಕೂಟದ ಹೆಂಗಸರನ್ನು, ಗಾಯನ ಮಂಡಳಿಯವರನ್ನು, ಚರ್ಚಿನ ಬಾಗಿಲು ತೆರೆಯುವವರನ್ನು, ಸಂಡೇ ಸ್ಕೂಲಿನಲ್ಲಿ ಕಲಿತು ಈಗ ದೊಡ್ಡವರಾದವರನ್ನು ಮಾತಾಡಿಸಿ. ಚರ್ಚಿನ ಹೊರಗಿನವರನ್ನೂ ಬಿಡಬೇಡಿ. ಚರ್ಚಿನ ಬೆಳೆಹಬ್ಬದ ಏಲಂನಲ್ಲಿ ಅಮ್ಮ ಪ್ರತಿ ವರ್ಷ ಕುಂಬಳಕಾಯಿ ಜಾಸ್ತಿ ಬೆಲೆಗೆ ಕೂಗಿ ತಂದು, ಅದನ್ನು ನಮ್ಮ ಬೀದಿಯಲ್ಲಿ ಹೋಳು ಮಾಡಿ ಹಂಚುತ್ತಿದ್ದರು ಅನ್ನುವುದು ನನಗೆ ಗೊತ್ತಾಗಿದ್ದು ಪಕ್ಕದ ಮನೆಯ ಅಕ್ಕನಿಂದ. ನಾನು ಆಗ ಬೆಂಗಳೂರಿನಲ್ಲಿ ಇದ್ದೆ.

ಆಮೇಲೆ ಅವರ ಸತ್ಯವೇದ ಮತ್ತು ಸಂಗೀತ ಪುಸ್ತಕ ತೆರೆದು ನೋಡಿ, ಆದರೆ ನಿಧಾನವಾಗಿ, ಒಳಗೆ ಚೀಟಿಗಳಿರುತ್ತವೆ. ತಾಯಂದಿರ ಸ್ಮರಣೆ ಅಂದರೆ ಸಾಮಾನ್ಯವಾಗಿ ಜ್ಞಾನೋಕ್ತಿಗಳ 31ನೇ ಅಧ್ಯಾಯ ಓದುತ್ತಾರೆ. ಓದಬಹುದು, ತಪ್ಪಿಲ್ಲ. ಆದರೆ ಅವರೇ ಗೆರೆ ಎಳೆದ ವಚನ ಸಿಕ್ಕರೆ ಅದನ್ನೇ ಓದಿಸಿ. ನಮ್ಮಮ್ಮ 23ನೇ ಕೀರ್ತನೆಯ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಖುಗಳನ್ನು ಬರೆದಿದ್ದರು. ಒಂದು ನನ್ನ ತಮ್ಮ ಆಸ್ಪತ್ರೆಯಲ್ಲಿದ್ದ ದಿನ. ಹಾಡು ಆರಿಸುವಾಗಲೂ ಪುಸ್ತಕದಲ್ಲಿ ಯಾವ ಪುಟ ಹೆಚ್ಚು ಸವೆದಿದೆ ನೋಡಿ, ಗಾಯನ ಮಂಡಳಿಯವರಿಗೆ ಎರಡು ದಿನ ಮೊದಲೇ ತಿಳಿಸಿ.

ಹುಟ್ಟಿದ ತಾರೀಖನ್ನು ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ನೋಡಿಕೊಳ್ಳಿ. ಆಧಾರ್ ಕಾರ್ಡಿನಲ್ಲಿ ಒಂದು ಇಸವಿ, ರಿಜಿಸ್ಟರಿನಲ್ಲಿ ಇನ್ನೊಂದು ಇರುವುದುಂಟು. ಸಮಾಧಿಯ ಕಲ್ಲಿನಲ್ಲಿ ಕೆತ್ತಿಸಿದ ಮೇಲೆ ತಿದ್ದುವುದು ಕಷ್ಟ ಅಲ್ವಾ. ಅಜ್ಜಿ, ಮುತ್ತಜ್ಜಿಯವರೆಗೆ ಹೋಗಬೇಕು ಅನ್ನಿಸಿದರೆ ಅದಕ್ಕೂ ದಾರಿ ಇದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗಿನಿಂದ ತುಂಬಾ ಬರೆದಿಟ್ಟಿದ್ದಾರೆ, ಅಲ್ಲಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಹಳೆಯ ದಾಖಲೆಗಳಿವೆ. ಇದಕ್ಕೆ ಅವಸರ ಬೇಡ.

ಅವಸರ ಬೇಕಿರುವುದು ಫೋನಿಗೆ. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೇ ಇದ್ದರೆ ಬಂದ್ ಆಗಬಹುದು, ವಾಟ್ಸಾಪ್ ಖಾತೆ 120 ದಿನ ಸುಮ್ಮನಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಅವರ ವಾಯ್ಸ್ ಮೆಸೇಜುಗಳನ್ನು ಈ ವಾರವೇ ಎರಡು ಕಡೆ ಉಳಿಸಿಕೊಳ್ಳಿ. ನನಗೆ ಸಿಕ್ಕ ಕೊನೆಯದು ನಾಲ್ಕು ಸೆಕೆಂಡಿನದು, "ವನಸ್ ಆಂಡಾ?" ಅಂತ, ಅಂದರೆ ಊಟ ಆಯ್ತಾ. ನಮ್ಮ ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಅಮ್ಮ ಹೇಳಿದ ಮಾತನ್ನು ಹೇಳುವಾಗ ಅವರು ಹೇಳಿದ ಭಾಷೆಯಲ್ಲೇ ಹೇಳಿ, ಕನ್ನಡಕ್ಕೆ ತಿರುಗಿಸಿದರೆ ಅವರ ಧ್ವನಿ ಹೋಗುತ್ತದೆ.

ಈಗ ಬರೆಯಿರಿ. ಎರಡು ಪುಟ ಸಾಕು, ಐದಾರು ನಿಮಿಷ. ಹುದ್ದೆಗಳನ್ನು ಒಂದೇ ಸಾಲಿನಲ್ಲಿ ಮುಗಿಸಿ, ಅದು ಸಭೆಯಲ್ಲಿ ಎಲ್ಲರಿಗೂ ಗೊತ್ತು. ಉಳಿದ ಜಾಗದಲ್ಲಿ ಮೂರು ಘಟನೆ ಹೇಳಿ, ಪೂರ್ತಿಯಾಗಿ ಹೇಳಿ. ಒಂದು ಚರ್ಚಿನದು, ಒಂದು ಮನೆಯದು, ಇನ್ನೊಂದು ಯಾರಿಗೂ ಗೊತ್ತಿಲ್ಲದ್ದು. ಜೋರಾಗಿ ಓದಿ ನೋಡಿ, ಗಂಟಲು ಎಲ್ಲಿ ಕಟ್ಟುತ್ತದೆ ಅಂತ ಗೊತ್ತಾಗುತ್ತದೆ, ಆ ಸಾಲಿನ ಮುಂದೆ ಗುರುತು ಹಾಕಿಕೊಳ್ಳಿ, ಅಲ್ಲಿ ನಿಲ್ಲಿ, ನೀರು ಕುಡಿಯಿರಿ. ಒಂದು ಪ್ರತಿ ತಂಗಿಯ ಕೈಯಲ್ಲೋ ಮಗನ ಕೈಯಲ್ಲೋ ಇರಲಿ, ನಿಮಗೆ ಆಗದಿದ್ದರೆ ಅವರು ಮುಂದುವರಿಸುತ್ತಾರೆ.

ಒಂದು ಕಷ್ಟದ ವಿಷಯ. ಚರ್ಚಿಗೆ ಅಷ್ಟು ಸಮಯ ಕೊಟ್ಟ ತಾಯಿಯ ಮಕ್ಕಳಿಗೆ ಒಳಗೊಳಗೇ ಒಂದು ನೋವು ಇರುತ್ತದೆ. ನನಗೂ ಇತ್ತು. ಭಾನುವಾರ ಆರಾಧನೆ ಮುಗಿದ ಮೇಲೆ ಅಮ್ಮ ಗಂಜಿ ತೆಗೆದುಕೊಂಡು ಉಡುಪಿಯ ಮಿಶನ್ ಆಸ್ಪತ್ರೆಗೆ ಹೋಗುತ್ತಿದ್ದರು, 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ ಶುರು ಮಾಡಿದ ಆಸ್ಪತ್ರೆ ಅದು. ನಾವು ಮನೆಯಲ್ಲಿ ಕಾಯುತ್ತಾ ಇರುತ್ತಿದ್ದೆವು. ಅದನ್ನು ಮುಚ್ಚಿಡಬೇಡಿ, ಮೆತ್ತಗೆ ಹೇಳಿ. "ಚಿಕ್ಕವನಿದ್ದಾಗ ನನಗೆ ಕೋಪ ಬರುತ್ತಿತ್ತು" ಅಂತ ನಾನು ಹೇಳಿದಾಗ ಅಪ್ಪ ತಲೆ ಎತ್ತಿ ನೋಡಿ ಸಣ್ಣಗೆ ನಕ್ಕರು. ಅವರಿಗೂ ಕಾದ ನೆನಪು ಇತ್ತು.

ಕೊನೆಯದಾಗಿ, ಚರ್ಚಿನ ಬಾಗಿಲ ಹತ್ತಿರ ಒಂದು ಮೇಜು ಇಡಿಸಿ. ದೊಡ್ಡ ಫೋಟೋ ಒಂದೇ ಸಾಲದು. ಅವರು ಕಸೂತಿ ಹಾಕಿದ ಬಟ್ಟೆ, ಸಂಡೇ ಸ್ಕೂಲ್ ಹಾಜರಿ ಪುಸ್ತಕ, ಕ್ರಿಸ್‌ಮಸ್ ತಿಂಡಿಯ ಅಳತೆ ಬರೆದ ನೋಟ್ ಪುಸ್ತಕ ಇಡಿ. ಅರ್ಧ ಮೇಜು ಖಾಲಿ ಬಿಡಿ, "ಅಮ್ಮನದು ಏನಾದರೂ ನಿಮ್ಮ ಹತ್ತಿರ ಇದ್ದರೆ ತನ್ನಿ" ಅಂತ ಮೊದಲೇ ಹೇಳಿಸಿ. ನಮ್ಮಲ್ಲಿ ಮೂರು ಸ್ಟೀಲ್ ಡಬ್ಬಿ ಬಂದವು, ಮುಚ್ಚಳದ ಮೇಲೆ ಅಮ್ಮನ ಹೆಸರು ಕೆತ್ತಿದ್ದು, ಗಂಜಿ ಹೋದ ಡಬ್ಬಿಗಳು. ತಂದವರಲ್ಲಿ ಇಬ್ಬರನ್ನು ನಾನು ನೋಡಿಯೇ ಇರಲಿಲ್ಲ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಒಂದರಲ್ಲಿ ಸಕ್ಕರೆ ಹಾಕಿ ತಂದಿದ್ದರು. ಮನೆಗೆ ಬಂದ ಮೇಲೆ ಅಪ್ಪ ಅದರಿಂದಲೇ ಎಲ್ಲರಿಗೂ ಚಹಾ ಮಾಡಿದರು.