ಮಳೆಗಾಲದಲ್ಲಿ ನಿಲ್ಲದ ಪಂಪು

ವೆಟ್‌ವೆಲ್ ಅಂದರೆ ಊರಿನ ಕೊಳಚೆ ಬಂದು ಬೀಳುವ ಬಾವಿ. ಅದರ ಲಾಗ್ ಪುಸ್ತಕವನ್ನು ಯಾರೂ ಓದುವುದಿಲ್ಲ. ಪಂಪು ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಬಂದ್, ಕರೆಂಟು ಹೋದದ್ದು ಯಾವಾಗ, ಅದರಲ್ಲಿ ಇರುವುದು ಅಷ್ಟೇ. ಮಂಗಳೂರಿನ ಒಳಚರಂಡಿ ಕೆಲಸಕ್ಕೆ ಗುತ್ತಿಗೆ ಇಂಜಿನಿಯರ್ ಆಗಿ ಸೇರಿದ ಮೊದಲ ವರ್ಷ ನಾನೂ ಓದಿರಲಿಲ್ಲ, ಕೆಳಗೆ ಸಹಿ ಮಾತ್ರ ಹಾಕುತ್ತಿದ್ದೆ.

ಮಂಗಳೂರು ಗುಡ್ಡಗಳ ಊರು. ಒಂದು ಕಡೆ ನೇತ್ರಾವತಿ, ಇನ್ನೊಂದು ಕಡೆ ಗುರುಪುರ ನದಿ. ಎರಡೂ ಬೆಂಗ್ರೆಯ ಮರಳುದಂಡೆಯ ಹಿಂದೆ ಕೂಡಿ ಅಳಿವೆಬಾಗಿಲಿನಲ್ಲಿ ಕಡಲು ಸೇರುತ್ತವೆ. ಇಳಿಜಾರಿನಲ್ಲಿ ತಾನಾಗಿ ಹರಿದು ಬಂದ ಕೊಳಚೆ ಯಾವುದೋ ತಗ್ಗಿನ ವೆಟ್‌ವೆಲ್‌ಗೆ ಬೀಳುತ್ತದೆ. ಅಲ್ಲಿಂದ ಪಂಪು ಮಾಡಿ, ಎದುರಿನ ಗುಡ್ಡ ಹತ್ತಿಸಿ ಎಸ್‌ಟಿಪಿಗೆ, ಅಂದರೆ ಕೊಳಚೆ ಶುದ್ಧೀಕರಿಸುವ ಘಟಕಕ್ಕೆ, ಕಳಿಸಬೇಕು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ಕರಾವಳಿ ಯೋಜನೆ 1999ರಲ್ಲಿ ಮಂಜೂರಾಯಿತು. ಈಗ ಕಾವೂರಿನಲ್ಲಿ 43.5, ಬಜಾಲಿನಲ್ಲಿ 20, ಸುರತ್ಕಲ್ ಕಡೆ 16.5 ಎಂಎಲ್‌ಡಿ (ದಿನಕ್ಕೆ ದಶಲಕ್ಷ ಲೀಟರ್) ಸಾಮರ್ಥ್ಯದ ಘಟಕಗಳಿವೆ. ಕಡಲು ಕೊಳಕಾಯಿತು ಎಂದ ಕೂಡಲೇ ಎಲ್ಲರೂ ಈ ಅಂಕಿ ಹಿಡಿದು ಮಾತಾಡುತ್ತಾರೆ. ನಾನು ಕಂಡಮಟ್ಟಿಗೆ ಕೊಳಚೆ ತಪ್ಪಿಸಿಕೊಳ್ಳುವುದು ಎಸ್‌ಟಿಪಿ ತಲುಪುವ ಮೊದಲೇ, ಅದೂ ಮಳೆಗಾಲದಲ್ಲಿ.

ಇದು ತಲೆಗೆ ಹೋದದ್ದು ನನ್ನದೇ ದಡ್ಡತನದಿಂದ. ನನ್ನ ಪಾಲಿಗೆ ಬಂದ ವೆಟ್‌ವೆಲ್‌ನ ಗೋಡೆಯಲ್ಲಿ, ಮೇಲ್ಮಟ್ಟದಲ್ಲಿ, ಒಂದು ದಪ್ಪ ಪೈಪಿತ್ತು. ಬಾವಿ ತುಂಬಿದರೆ ಕೊಳಚೆ ಅದರ ಮೂಲಕ ಪಕ್ಕದ ತೋಡಿಗೆ, ತೋಡಿನಿಂದ ನದಿಗೆ, ನದಿಯಿಂದ ಕಡಲಿಗೆ. ನದಿಗೆ ಕೊಳಚೆ ಬಿಡುವ ಪೈಪು ಇರಲೇಬಾರದು ಎಂದು ಮೇ ತಿಂಗಳಲ್ಲಿ ಅದಕ್ಕೆ ಕಾಂಕ್ರೀಟ್ ತುಂಬಿಸಿಬಿಟ್ಟೆ. ಭಾರೀ ಹೆಮ್ಮೆ. ಜೂನ್ ಎರಡನೇ ವಾರ ಮಳೆ ಹಿಡಿಯಿತು. ಬೇಸಗೆಯಲ್ಲಿ ಅರ್ಧ ದಿನ ಓಡಿ ಅರ್ಧ ದಿನ ಸುಮ್ಮನಿರುತ್ತಿದ್ದ ಪಂಪು ಎರಡು ರಾತ್ರಿ ಒಂದು ನಿಮಿಷವೂ ನಿಲ್ಲಲಿಲ್ಲ. ಮೂರನೆಯ ಬೆಳಿಗ್ಗೆ ತಗ್ಗಿನ ಮನೆಯೊಂದರಿಂದ ಫೋನ್ ಬಂತು: "ಸರ್, ನಮ್ಮ ಬಚ್ಚಲಲ್ಲಿ ಊರಿನವರದ್ದೆಲ್ಲ ಬಂದು ನಿಂತಿದೆ, ನೀವೇ ಬಂದು ನೋಡಿ ಮಾರಾಯ್ರೆ." ಹೋಗಿ ನೋಡಿದೆ. ಕಾಂಕ್ರೀಟ್ ಒಡೆಸಿದೆ. ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ.

ಅದರ ಮರುದಿನ ಲಾಗ್ ಪುಸ್ತಕ ಮನೆಗೆ ತಂದೆ. ಪಂಪು ಓಡಿದ ಗಂಟೆಗಳನ್ನು ಮಳೆಯ ಲೆಕ್ಕದ ಪಕ್ಕದಲ್ಲಿ ಬರೆದರೆ ಎರಡೂ ಜೊತೆಗೇ ಏರುತ್ತಿದ್ದವು. ಒಳಚರಂಡಿಗೂ ಮಳೆಗೂ ಸಂಬಂಧವೇ ಇರಬಾರದು, ನಮ್ಮಲ್ಲಿ ಮಳೆನೀರಿಗೆ ಬೇರೆ ಚರಂಡಿ ಉಂಟು. ಹಾಗಾದರೆ ನೀರು ಎಲ್ಲಿಂದ? ಸಾವಿರ ಚದರಡಿಯ ಒಂದು ತಾರಸಿ ತೆಗೆದುಕೊಳ್ಳಿ. ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ, ಜುಲೈಯಲ್ಲಿ ಅದೇನೂ ಅಪರೂಪವಲ್ಲ, ಆ ತಾರಸಿಯಿಂದ ಇಳಿಯುವ ನೀರು ಸುಮಾರು 9,300 ಲೀಟರ್. ದಿನಕ್ಕೆ ತಲೆಗೆ 135 ಲೀಟರ್ ನೀರು, ಅದರ ಶೇಕಡಾ 80 ಕೊಳಚೆ ಎಂದು ಹಿಡಿಯುವುದು ನಮ್ಮ ಕ್ರಮ. ಐದು ಜನರ ಮನೆಗೆ 540 ಲೀಟರ್ ಆಯಿತು. ಅಂದರೆ ಒಂದು ತಾರಸಿಯ ಪೈಪು ಒಳಚರಂಡಿಗೆ ಸೇರಿದರೆ ಹದಿನೇಳು ಸಂಸಾರ ಹೊಸದಾಗಿ ಬಂದು ಕೂತಂತೆ.

ಹುಡುಕುವುದು ಕಷ್ಟವಲ್ಲ, ಸಮಯ ತಿನ್ನುತ್ತದೆ. ಫ್ಲೋರೆಸೀನ್ ಎಂಬ ಪುಡಿ ಸಿಗುತ್ತದೆ. ಚಮಚದಷ್ಟನ್ನು ಬಕೆಟ್ ನೀರಿಗೆ ಹಾಕಿದರೆ ಕಣ್ಣು ಕುಕ್ಕುವ ಹಸಿರು. ಅದನ್ನು ತಾರಸಿಯ ಮಳೆನೀರಿನ ಪೈಪಿಗೆ ಹೊಯ್ದು ಕೆಳಗಿನ ಮ್ಯಾನ್‌ಹೋಲ್ ಹತ್ತಿರ ಕಾಯಬೇಕು. ಮ್ಯಾನ್‌ಹೋಲ್‌ಗೆ ಯಾರನ್ನೂ ಇಳಿಸುವುದಿಲ್ಲ. 2013ರ ಕಾನೂನು ಇದೆ, ಕಾನೂನಿಲ್ಲದಿದ್ದರೂ ಆ ಗಾಳಿ ಮನುಷ್ಯನನ್ನು ಬಿಡುವುದಿಲ್ಲ. ಮುಚ್ಚಳ ತೆಗೆದು ಗಾಳಿಯ ಎದುರು ದಿಕ್ಕಿಗೆ ಸರಿದು ನಿಲ್ಲುವುದು, ಅಡಿಕೆ ಕೊಯ್ಯುವ ದೋಟಿಯ ತುದಿಗೆ ಟಾರ್ಚು, ಮೊಬೈಲು ಕಟ್ಟಿ ಇಳಿಸುವುದು. ದೋಟಿ ನಮ್ಮ ಹೆಲ್ಪರ್ ಹುಡುಗನ ಐಡಿಯಾ. ಬಾಡಿಗೆಗೆ ತರಿಸಿದ ಕ್ಯಾಮೆರಾಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ.

ಒಂದು ಮನೆಯಲ್ಲಿ ಹಸಿರು ನೀರು ಎರಡೇ ನಿಮಿಷದಲ್ಲಿ ಮ್ಯಾನ್‌ಹೋಲ್‌ಗೆ ಬಂತು. ಮನೆಯಜ್ಜಿ ಚಾವಡಿಯಲ್ಲಿ ಕೂತೇ ಕೇಳಿದರು, "ಇಪ್ಪತ್ತು ವರ್ಷದಿಂದ ಅಲ್ಲಿಗೇ ಹೋಗುವುದು ಮಗಾ, ಈಗ ನಿನಗೆ ಎಂತ ತೊಂದರೆ?" ನೋಟಿಸು ಕೊಡಬಹುದಿತ್ತು. ಆದರೆ ಅಂಗಳ ನೋಡಿದರೆ ಅಜ್ಜಿಯ ಮಾತಿನಲ್ಲಿ ನ್ಯಾಯವಿತ್ತು. ಕಾಂಕ್ರೀಟ್ ಆದ ಮೇಲೆ ರಸ್ತೆ ಅಂಗಳಕ್ಕಿಂತ ಒಂದು ಮೊಳ ಎತ್ತರ. ಮಳೆನೀರು ಹೋಗುವುದಾದರೂ ಎಲ್ಲಿಗೆ? ಅಂಥ ಮನೆಗಳಿಗೆ ಮೊದಲು ತೋಡಿನವರೆಗೆ ಬೇರೆ ಪೈಪು ಹಾಕಿಸಿ ಆಮೇಲೆ ಒಳಚರಂಡಿಯದ್ದು ಕಡಿಸಿದೆವು. ಕೆಲವರು ಮಳೆನೀರನ್ನು ತಮ್ಮ ಮನೆಯ ಬಾವಿಗೇ ಬಿಟ್ಟುಕೊಂಡರು. ನೋಟಿಸಿನಿಂದ ಆದ ಕೆಲಸ ಕಡಿಮೆ.

ಇನ್ನೊಂದು ಗಂಟು ಬಿಡಿಸಲು ತಿಂಗಳುಗಳೇ ಹಿಡಿದವು. ಮಳೆಯಿಲ್ಲದ ಫೆಬ್ರವರಿಯಲ್ಲೂ ಕೆಲವು ರಾತ್ರಿ, ಊರೆಲ್ಲ ಮಲಗಿದ ಎರಡು-ಮೂರು ಗಂಟೆಗೆ, ಪಂಪು ಜೋರಾಗಿ ಓಡುತ್ತಿತ್ತು. ಆಪರೇಟರ್ ಅಣ್ಣ ಮೀನುಗಾರರ ಮನೆಯವರು. ಪುಸ್ತಕ ನೋಡಿ, "ಇದು ಭರತದ ಹೊತ್ತು ಅಲ್ವಾ ಸರ್?" ಎಂದರು. ನಮ್ಮಲ್ಲಿ ಕಡಲಿನ ಭರತ-ಇಳಿತದ ಅಂತರ ಒಂದು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ನದಿ ಬದಿಯ ಹಳೆಯ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪಿನ ಜಾಯಿಂಟುಗಳಿಗೆ ಅಷ್ಟು ಸಾಕು. ವೆಟ್‌ವೆಲ್‌ನ ನೀರಿಗೆ, ಉಪ್ಪಿನಂಶ ತೋರಿಸುವ ಕಂಡಕ್ಟಿವಿಟಿ ಮೀಟರ್ ಅದ್ದಿದರೆ ಭರತದಲ್ಲಿ ಅಂಕಿ ಸರ್ರನೆ ಏರುತ್ತಿತ್ತು. ಉಪ್ಪುನೀರು! ಅದನ್ನು ಕರೆಂಟು ಸುಟ್ಟು ಗುಡ್ಡ ಹತ್ತಿಸಿ, ಎಸ್‌ಟಿಪಿಯಲ್ಲಿ ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಕುಡಿಸುತ್ತಿದ್ದೆವು. ಭರತದಲ್ಲಿ ಒಳಗೆ ಬರುವ ದಾರಿ ಇಳಿತದಲ್ಲಿ ಹೊರಗೂ ಬಿಡಬಹುದು. ಆ ತಗ್ಗಿನ ಸಾಲಿಗೆ ಬೆಸುಗೆ ಹಾಕಿದ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಪೈಪು ಹಾಕಿಸಿದೆವು. ಜಾಯಿಂಟೇ ಇಲ್ಲದ ಮೇಲೆ ಉಪ್ಪುನೀರೂ ಇಲ್ಲ, ತೆಂಗಿನ ಬೇರೂ ಇಲ್ಲ. ಡೀಸೆಲ್ ಜನರೇಟರ್, ನೀರಿನ ಮಟ್ಟ ತೋರಿಸುವ ಸೆನ್ಸರ್ ಕೂಡ ಬಂದವು. ಅದು ಹಣದ ಕೆಲಸ, ಬರೆಯುವಂಥದ್ದೇನಿಲ್ಲ.

ನೀರಿನ ಪರೀಕ್ಷೆಯ ಒಂದು ಗುಟ್ಟು ಹೇಳಬೇಕು. ಸ್ನಾನ ಮಾಡುವ ಕಡಲನೀರಿಗೆ ನಮ್ಮ ದೇಶದ ಮಾನದಂಡ 100 ಮಿಲಿಲೀಟರಿಗೆ 100 ಮಲಜನ್ಯ ಕೋಲಿಫಾರ್ಮ್ ಎಂಬ ಕ್ರಿಮಿ. ಅಳಿವೆಯಲ್ಲಿ ಭರತದ ಹೊತ್ತಿಗೆ ಬಾಟಲಿ ಅದ್ದಿದರೆ ಸಿಗುವುದು ಹೊರಗಿನಿಂದ ಬಂದ ಕಡಲನೀರು, ನಾವೆಲ್ಲ ಪಾಸು. ಊರು ಬಿಟ್ಟದ್ದು ಕಾಣಬೇಕಾದರೆ ಇಳಿತದಲ್ಲಿ ತೆಗೆಯಬೇಕು, ಬಿಸಿಲೇರುವ ಮೊದಲು ತೆಗೆಯಬೇಕು, ಯಾಕೆಂದರೆ ಬಿಸಿಲು ಆ ಕ್ರಿಮಿಗಳನ್ನು ಬೇಗ ಕೊಲ್ಲುತ್ತದೆ. ಐಸ್ ಪೆಟ್ಟಿಗೆಯಲ್ಲಿ ಲ್ಯಾಬಿಗೆ ಕೊಟ್ಟರೆ ಉತ್ತರಕ್ಕೆ ಎರಡು-ಮೂರು ದಿನ. ಇಳಿತದ ಮಾದರಿಯ ಮೊದಲ ವರದಿ ನೋಡಿದಾಗ ಮುಖ ಮುಚ್ಚಿಕೊಳ್ಳುವಂತಾಯಿತು. ಆದರೂ ಇಳಿತದಲ್ಲೇ ತೆಗೆಯುತ್ತಾ ಬಂದೆವು.

ತೋಡಿಗೆ ಹೋಗುವ ಆ ಪೈಪು ಈಗಲೂ ಇದೆ. ಬಾಯಿಗೆ ಒಂದು ಕವಾಟ ಹಾಕಿಸಿದ್ದೇನೆ, ತೆರೆದರೆ ಲಾಗ್ ಪುಸ್ತಕದಲ್ಲಿ ಗಂಟೆ ಬರೆದು ಕಾರಣವನ್ನೂ ಬರೆಯಬೇಕು. ಕಳೆದ ಜುಲೈಯಲ್ಲಿ ಒಂದು ರಾತ್ರಿ ಎರಡೂವರೆಗೆ ಆಪರೇಟರ್ ಅಣ್ಣನ ಫೋನು. ಎದೆ ಧಸಕ್ಕೆಂದಿತು. "ಹೊರಗೆ ಮಳೆ ಹೊಡೀತಾ ಉಂಟು ಸರ್. ಆದ್ರೆ ಪಂಪು ನಿಂತಿದೆ." ಕರೆಂಟು ಹೋಯಿತಾ ಎಂದು ಕೇಳಿದೆ. "ಇಲ್ಲ ಸರ್, ಬಾವಿಯಲ್ಲಿ ನೀರಿಲ್ಲ."