ಸ್ವಿಚ್‌ನಲ್ಲಿ ಯಾರಿಗೆ ಎಷ್ಟು ಅಧಿಕಾರ? ನಮ್ಮ ಕಾಲೇಜಿನಲ್ಲಿ ನಾನು ಮಾಡಿದ್ದು

ಕಲಬುರಗಿಯ ಒಂದು ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲಿ 6 ಸಿಸ್ಕೊ ಸ್ವಿಚ್‌ಗಳಿವೆ, ಅಂದರೆ ಕಂಪ್ಯೂಟರು, ಕ್ಯಾಮೆರಾಗಳನ್ನು ಕೇಬಲ್‌ನಿಂದ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗಳು. ಬಹಳ ದಿನ ಆರಕ್ಕೂ ಒಂದೇ ಯೂಸರ್, ಒಂದೇ ಪಾಸ್‌ವರ್ಡ್. ನನಗೂ ಅದೇ, ಲ್ಯಾಬ್ ಹುಡುಗನಿಗೂ ಅದೇ, ಕ್ಯಾಮೆರಾ ಹಾಕಲು ಹೊರಗಿನಿಂದ ಬರುವವರಿಗೂ ಅದೇ.

ಮೇ ತಿಂಗಳ ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿದ್ದೆ. ರೊಟ್ಟಿ ಮುರಿಯುವಷ್ಟರಲ್ಲಿ ಫೋನ್ ಬಂತು. ಲೈಬ್ರರಿ, ಆಫೀಸು, ಲ್ಯಾಬು ಎಲ್ಲ ಬಂದ್. ಬಿಸಿಲಲ್ಲೇ ಗಾಡಿ ಓಡಿಸಿಕೊಂಡು ಹೋದೆ. ಲ್ಯಾಬ್ ಹುಡುಗ ರ‍್ಯಾಕ್ ಮುಂದೆ ಬೆವರುತ್ತಾ ನಿಂತಿದ್ದ. "ಸರ್, ನಾ ಕ್ಯಾಮೆರಾದ್ದು ಒಂದೇ ವಿಲ್ಯಾನ್ ಸೇರ್ಸೀನ್ರಿ. ಬ್ಯಾರೆ ಏನೂ ಮುಟ್ಟಿಲ್ರಿ" ಎಂದ.

ಅವನು ಹೇಳಿದ್ದು ಖರೇನೇ. ವಿಲ್ಯಾನ್ ಎಂದರೆ ಅದೇ ಸ್ವಿಚ್‌ಗಳ ಒಳಗೆ ಬೇರೆ ಮಾಡಿಟ್ಟ ಒಂದು ನೆಟ್‌ವರ್ಕ್, ಒಂದೊಂದಕ್ಕೂ ಒಂದು ನಂಬರ್. ಅಪ್‌ಲಿಂಕ್ ಪೋರ್ಟ್‌ಗೆ (ಹಲವು ವಿಲ್ಯಾನ್‌ಗಳು ಬೇರೆ ಸ್ವಿಚ್‌ಗೆ ಸಾಗುವ ಟ್ರಂಕ್ ಅದು) ಹೋಗಿ "ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ 40" ಎಂದು ಹೊಡೆದಿದ್ದ. 40ರ ಹಿಂದೆ "ಆಡ್" ಎಂಬ ಪದ ಬಿಟ್ಟುಹೋಗಿತ್ತು. ಆ ಪದ ಇದ್ದರೆ 40 ಆ ಪೋರ್ಟ್‌ನಲ್ಲಿ ಬಿಡುವ ವಿಲ್ಯಾನ್‌ಗಳ ಹಳೆಯ ಪಟ್ಟಿಗೆ ಸೇರುತ್ತದೆ. ಇಲ್ಲದಿದ್ದರೆ ಹಳೆಯ ಪಟ್ಟಿ ಪೂರ್ತಿ ಹೋಗಿ 40 ಒಂದೇ ಉಳಿಯುತ್ತದೆ. ನಾವು ಸ್ವಿಚ್‌ಗೆ ಲಾಗಿನ್ ಆಗುವ ವಿಲ್ಯಾನ್ ಕೂಡ ಹೋಗಿತ್ತು. ಸ್ವಿಚ್‌ಗೇ ನೇರವಾಗಿ ಕನ್ಸೋಲ್ ಕೇಬಲ್ ಹಾಕಿ ಸರಿಮಾಡಿದೆ.

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನ ಕೆಲಸ ಲ್ಯಾಬಿನ ಪೋರ್ಟ್ ನೋಡುವುದು. ಟ್ರಂಕ್ ಅವನ ಕೈಗೆ ಸಿಗುವ ಹಾಗೆ ಇಟ್ಟವನು ನಾನು. ಅಂದೇ ಒಂದು ಹಾಳೆಯಲ್ಲಿ ಬರೆದೆ: ಯಾರು ದಿನಾ ಏನು ಮಾಡುತ್ತಾರೆ? ಹೊರಗಿನವರಿಗೆ ಪೋರ್ಟ್ ಸ್ಥಿತಿ ನೋಡಿದರೆ ಸಾಕು. ಲ್ಯಾಬ್ ಹುಡುಗನಿಗೆ ತನ್ನ ಪೋರ್ಟ್ ತೆರೆಯುವುದು, ಮುಚ್ಚುವುದು, ವಿಲ್ಯಾನ್ ಬದಲಿಸುವುದು. ಉಳಿದದ್ದು ನನಗೆ. ಮೂರೇ ಪಾತ್ರ.

ಮೊದಲು ಪ್ರಿವಿಲೇಜ್ ಲೆವೆಲ್, ಅಂದರೆ ಯೂಸರ್‌ಗೆ ಕೊಡುವ ಅಧಿಕಾರದ ಮಟ್ಟ, ನೋಡಿದೆ. 0ಯಿಂದ 15ರವರೆಗೆ ಲೆವೆಲ್ ಇರುತ್ತವೆ. ಆದರೆ ಅದು ಮೆಟ್ಟಿಲಿನಂತೆ. ಮೇಲಿನವನಿಗೆ ಕೆಳಗಿನದ್ದೆಲ್ಲ ಸಿಗುತ್ತದೆ. ಈ ಪೋರ್ಟ್ ಇವನಿಗೆ, ಆ ಪೋರ್ಟ್ ಬೇಡ ಎನ್ನಲು ಬರುವುದಿಲ್ಲ. ಹಾಗಾಗಿ ಪಾರ್ಸರ್ ವ್ಯೂ ಹಿಡಿದೆ. ಅದರಲ್ಲಿ ಒಂದೊಂದು ಪಾತ್ರಕ್ಕೆ ಯಾವ ಕಮಾಂಡ್ ಕಾಣಬೇಕು ಎಂದು ನಾವೇ ಆರಿಸಿ ಕೊಡುತ್ತೇವೆ. ಕೊಡದೇ ಇದ್ದದ್ದು ಆ ಯೂಸರ್ ಪಾಲಿಗೆ ಇಲ್ಲವೇ ಇಲ್ಲ.

ಇಲ್ಲಿ ಎಚ್ಚರ ಬೇಕು. ವ್ಯೂ ಬಳಸಲು ಮೊದಲು, ಯಾರು ಬಂದರು, ಅವರಿಗೆ ಏನು ಅಧಿಕಾರ ಎಂದು ನೋಡುವ "ಎಎಎ ನ್ಯೂ-ಮಾಡೆಲ್" ಆನ್ ಮಾಡಬೇಕು. ಆನ್ ಆದ ಕೂಡಲೇ ದೂರದಿಂದ ಬರುವ ಲಾಗಿನ್‌ಗಳು ಸ್ವಿಚ್‌ನ ಒಳಗಿನ ಯೂಸರ್ ಪಟ್ಟಿ ಕೇಳುತ್ತವೆ. ಪಟ್ಟಿ ಖಾಲಿ ಇದ್ದರೆ ನಾವೇ ಹೊರಗೆ! ಅದಕ್ಕೆ ನನ್ನ ಯೂಸರ್ ಮೊದಲು ಮಾಡಿದೆ. ಎನೇಬಲ್ ಸೀಕ್ರೆಟ್ (ಪೂರ್ತಿ ಅಧಿಕಾರಕ್ಕೆ ಹೋಗುವ ಪಾಸ್‌ವರ್ಡ್) ಇದೆಯಾ ನೋಡಿದೆ. ಇದ್ದ ಕಾನ್ಫಿಗರೇಶನ್ ಸೇವ್ ಮಾಡಿ, "ರೀಲೋಡ್ ಇನ್ 20" ಕೊಟ್ಟೆ. ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ 20 ನಿಮಿಷಕ್ಕೆ ಸ್ವಿಚ್ ತಾನೇ ಹಳೆಯ ಸ್ಥಿತಿಗೆ ಬರುತ್ತದೆ. ಕೆಲಸ ಸರಿಯಾದರೆ "ರೀಲೋಡ್ ಕ್ಯಾನ್ಸಲ್". ಇದನ್ನು ಮಾತ್ರ ಯಾರೂ ಮರೀಬೇಡಿ.

ಆಮೇಲೆ "ಎನೇಬಲ್ ವ್ಯೂ" ಕೊಟ್ಟು ಬೇರೆ ವ್ಯೂಗಳನ್ನು ಮಾಡಲು ಬಿಡುವ ರೂಟ್ ವ್ಯೂಗೆ ಹೋಗಿ ಲ್ಯಾಬ್ ವ್ಯೂ ಮಾಡಿದೆ. ವ್ಯೂಗೆ ಮೊದಲು ಸೀಕ್ರೆಟ್ ಕೊಡಬೇಕು, ಇಲ್ಲವಾದರೆ ಕಮಾಂಡ್ ಸೇರಿಸಲು ಬಿಡುವುದಿಲ್ಲ. "ಸ್ವಿಚ್‌ಪೋರ್ಟ್ ಆಕ್ಸೆಸ್ ವಿಲ್ಯಾನ್" ಅಷ್ಟೇ ಸೇರಿಸಿದೆ. "ಇನ್‌ಕ್ಲೂಡ್ ಆಲ್ ಸ್ವಿಚ್‌ಪೋರ್ಟ್" ಎಂದಿದ್ದರೆ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು, ಆದರೆ ಟ್ರಂಕ್ ಕೂಡ ಅದರ ಜೊತೆ ಒಳಗೆ ಬರುತ್ತಿತ್ತು. ಇಂಟರ್‌ಫೇಸ್‌ಗಳನ್ನೂ ಹೆಸರು ಹೇಳಿ ಒಂದೊಂದೇ ಸೇರಿಸಿದೆ. ಲ್ಯಾಬಿನ ಪೋರ್ಟ್ ಮಾತ್ರ, ಅಪ್‌ಲಿಂಕ್ ಇಲ್ಲ. ಬೇಸರದ ಕೆಲಸ ನಿಜ, ಆದರೆ ಇಡೀ ವ್ಯವಸ್ಥೆಯ ಜೀವ ಇರುವುದೇ ಇದರಲ್ಲಿ.

ಕೊನೆಗೆ ಅವನ ಹೆಸರಿನಲ್ಲೇ ಯೂಸರ್ ಮಾಡಿ ವ್ಯೂಗೆ ಕಟ್ಟಿದೆ. "ಎಎಎ ಆಥರೈಸೇಶನ್ ಎಕ್ಸೆಕ್ ಡೀಫಾಲ್ಟ್ ಲೋಕಲ್" ಹಾಕಿದೆ. ಈ ಸಾಲು ಇಲ್ಲದಿದ್ದರೆ ಲಾಗಿನ್ ಆದಾಗ ವ್ಯೂ ಹತ್ತುವುದಿಲ್ಲ. ಹಳೆಯ ಪಾಸ್‌ವರ್ಡ್ ತೆಗೆದೆ, ದೂರದಿಂದ ಲಾಗಿನ್ ಆಗಲು ಎಲ್ಲವನ್ನೂ ಬಿಚ್ಚಿಟ್ಟೇ ಕಳಿಸುವ ಟೆಲ್ನೆಟ್ ಬಂದ್ ಮಾಡಿ, ಗುಪ್ತವಾಗಿ ಕಳಿಸುವ ಎಸ್‌ಎಸ್‌ಎಚ್ ಮಾತ್ರ ಇಟ್ಟೆ.

ಮರುದಿನವೇ ಹುಡುಗ ಬಂದ. "ಪೋರ್ಟ್ ಬಂದ್ ಆಗ್ತದರಿ, ಚಾಲೂ ಆಗವಲ್ದು." "ಶಟ್‌ಡೌನ್" ಕೊಟ್ಟಿದ್ದೆ, "ನೋ ಶಟ್‌ಡೌನ್" ಬೇರೆಯಾಗಿ ಸೇರಿಸಿರಲಿಲ್ಲ. ಸೇರಿಸಿದೆ.

ಸೇವ್ ಮಾಡುವ ಅಧಿಕಾರ ಕೊಡಬೇಕಾ ಬೇಡವಾ ಎಂದು ಜಾಸ್ತಿ ಯೋಚಿಸಿದ್ದೆ. ಮೊದಲು ಕೊಡಲಿಲ್ಲ. ತಪ್ಪಾದರೆ ಸ್ವಿಚ್ ಆರಿಸಿ ಹಚ್ಚಿದರೆ ಸಾಕು ಎಂಬ ಲೆಕ್ಕ. ಒಂದು ವಾರದಲ್ಲಿ ಸಂಜೆ ಗಾಳಿಗೆ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಯೂ ಇಳಿಯಿತು. ಬೆಳಿಗ್ಗೆ ನೋಡಿದರೆ ಅವನು ತೆರೆದಿದ್ದ ಪೋರ್ಟ್‌ಗಳೆಲ್ಲ ಮತ್ತೆ ಮುಚ್ಚಿದ್ದವು. ಆವತ್ತೇ "ರೈಟ್ ಮೆಮೊರಿ" ಕೊಟ್ಟೆ. ಅವನು ಬದಲಿಸಬಹುದಾದದ್ದೇ ಕಡಿಮೆ ಇರುವಾಗ, ಸೇವ್ ಮಾಡಿದರೆ ಭಯ ಏನು ಅಲ್ವಾ?

ಆರ್ಕೈವ್ ಲಾಗ್ ಕೂಡ ಆನ್ ಮಾಡಿದ್ದೇನೆ. ಯಾವ ಯೂಸರ್ ಏನು ಬದಲಿಸಿದ ಎಂದು ಬರೆದುಕೊಳ್ಳುತ್ತದೆ. ನೆಟ್‌ವರ್ಕ್ ಮೂಲಕ ಸಮಯ ತರುವ ಎನ್‌ಟಿಪಿಯಿಂದ ಸ್ವಿಚ್‌ನ ಗಡಿಯಾರ ಸರಿ ಇಡಬೇಕು, ಇಲ್ಲದಿದ್ದರೆ ಆ ಸಮಯಗಳಿಗೆ ಅರ್ಥವಿಲ್ಲ. ಸ್ವಿಚ್ ಜಾಸ್ತಿ ಇದ್ದಿದ್ದರೆ ಟ್ಯಾಕ್ಯಾಕ್ಸ್ ಪ್ಲಸ್ ಸರ್ವರ್ ಹಾಕುತ್ತಿದ್ದೆ. ಯೂಸರ್‌ಗಳೆಲ್ಲ ಒಂದೇ ಕಡೆ ಇರುತ್ತಾರೆ. ಆರಕ್ಕೆ ಕೈಯಲ್ಲೇ ಆಗುತ್ತದೆ.

ಮೊನ್ನೆ ಪ್ರಿಂಟರ್ ಒಂದು ನಿಂತಾಗ ಆಫೀಸಿನವರು ಲ್ಯಾಬ್ ಹುಡುಗನ ಮೇಲೆಯೇ ಹೋದರು. ಅವನೇ ನನ್ನ ಕರೆದ: "ಸರ್, ಲಾಗ್ ತೆಗದು ತೋರಸ್ರಿ." ತೆಗೆದೆವು. ಆ ದಿನ ಆ ಸ್ವಿಚ್‌ನಲ್ಲಿ ಅವನ ಹೆಸರಿನ ಸಾಲು ಒಂದೂ ಇರಲಿಲ್ಲ.